ಮಂಡಿಯೊಳಗೆ ‘ಟಪ್’ ಎಂದಾಗ

ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದ ದಿನಗಳು. ಇಶಾ ನಮಾಝ್ ಮುಗಿಸಿ ಮನೆಗೆ ಬಂದು ಊಟಕ್ಕೆ ಕುಳಿತಿದ್ದೆ. ಅಕ್ಕನ ಮಗನ ಫೋನ್ ಬಂತು. ಹತ್ತೊಂಬತ್ತರ ಹುಡುಗ, ಡಿಗ್ರಿ ಎರಡನೆಯ ವರ್ಷ, ಕಾಲೇಜಿನ ಫುಟ್‌ಬಾಲ್ ತಂಡದಲ್ಲಿದ್ದಾನೆ.

“ಮಾಮೂ, ಸಂಜೆ ಆಡುವಾಗ ಮಂಡಿ ಉಳುಕಿತು. ಓಡ್ತಾ ಇದ್ದವನು ಗಕ್ಕನೆ ತಿರುಗಿದೆ, ಅಷ್ಟೇ. ಯಾರೂ ಮುಟ್ಟಿಲ್ಲ. ಒಳಗೆ ಏನೋ ಟಪ್ ಅಂತು. ಈಗ ಊದಿಕೊಂಡಿದೆ.”

“ಐಸ್ ಇಡು, ಎರಡು ದಿನ ಓಡಾಡಬೇಡ, ಸರಿಹೋಗುತ್ತೆ” ಎಂದೆ. ಊಟ ಮುಗಿಸಿ ಮಲಗಿಬಿಟ್ಟೆ.

ಇಪ್ಪತ್ತು ವರ್ಷಗಳಿಂದ ಮೈಸೂರಿನಲ್ಲಿ ಮೂಳೆ ಮತ್ತು ಕೀಲುಗಳ ರೋಗಿಗಳನ್ನು ನೋಡುತ್ತಿರುವವನು ನಾನು. ಅವನ ಆ ನಾಲ್ಕು ಮಾತುಗಳಲ್ಲಿ ಇಡೀ ರೋಗದ ವಿವರ ಇತ್ತು. ಅದೇ ಮಾತನ್ನು ಹೊರಗಿನವರು ಯಾರಾದರೂ ಹೇಳಿದ್ದರೆ “ನಾಳೆ ಬೆಳಿಗ್ಗೆಯೇ ಕರೆದುಕೊಂಡು ಬನ್ನಿ” ಎನ್ನುತ್ತಿದ್ದೆ. ಮನೆಯ ಹುಡುಗನಾದ್ದರಿಂದ ಉದಾಸೀನ ಮಾಡಿದೆ. ವೈದ್ಯರ ಮನೆಯವರಿಗೆ ಸರಿಯಾದ ಚಿಕಿತ್ಸೆ ಸಿಗುವುದಿಲ್ಲ ಎಂದು ನನ್ನ ಹೆಂಡತಿ ಆಗಾಗ ಹೇಳುವುದುಂಟು.

ಮೂರು ವಾರದಲ್ಲಿ ಊತ ಇಳಿಯಿತು, ನೋವು ಹೋಯಿತು. ಹುಡುಗ ಬೈಕ್ ಓಡಿಸಿದ, ಮೆಟ್ಟಿಲು ಹತ್ತಿದ, ಏಳನೆಯ ವಾರ ಬೂಟು ಹಾಕಿಕೊಂಡು ಮೈದಾನಕ್ಕೆ ಇಳಿದ. ಹತ್ತು ನಿಮಿಷವೂ ಆಡಿರಲಿಲ್ಲ, ಮಂಡಿ ಮತ್ತೆ ಜಾರಿತು. ಈ ಸಲ ಕಾಲು ಅರ್ಧ ಮಡಚಿದಲ್ಲಿಯೇ ಸಿಕ್ಕಿಕೊಂಡು, ನೇರ ಮಾಡಲು ಬರಲಿಲ್ಲ. ಎಂ.ಆರ್.ಐ. ಮಾಡಿಸಿದೆವು. ಮುಂದಿನ ಲಿಗಮೆಂಟ್ ಪೂರ್ತಿ ಹರಿದಿತ್ತು. ಅದು ಬಹುಶಃ ಮೊದಲ ದಿನವೇ ಹರಿದದ್ದು. ಜೊತೆಗೆ ಒಳಗಿನ ಮೆತ್ತೆಯೂ ಹರಿದು ಕೀಲಿನ ನಡುವೆ ಮಡಚಿ ಕುಳಿತಿತ್ತು. ಅದು ಎರಡನೆಯ ಸಲದ ಗಾಯ. ಆ ರಾತ್ರಿ ನಾನು ಸರಿಯಾಗಿ ಕಿವಿಗೊಟ್ಟಿದ್ದರೆ ತಪ್ಪಿಸಬಹುದಾಗಿದ್ದದ್ದು. ಈ ತಿಂಗಳ ಅಂಕಣಕ್ಕೆ ಇದೇ ವಿಷಯ ಆರಿಸಿಕೊಂಡದ್ದೂ ಆ ಕಾರಣಕ್ಕೇ.

ಮಂಡಿಯ ರಚನೆಯನ್ನು ಸ್ವಲ್ಪ ಗಮನಿಸಿ. ಮೇಲೆ ತೊಡೆಮೂಳೆಯ ದುಂಡನೆಯ ತುದಿ, ಕೆಳಗೆ ಕಣಕಾಲಿನ ಮೂಳೆಯ ಚಪ್ಪಟೆ ತಲೆ. ಸೊಂಟದ ಕೀಲಿನ ಹಾಗೆ ಇಲ್ಲಿ ಬಟ್ಟಲೊಳಗೆ ಗುಂಡು ಕೂತಿಲ್ಲ. ಒಂದರ ಮೇಲೊಂದು ಇಟ್ಟಂತಿರುವ ಈ ಎರಡು ಮೂಳೆಗಳು ಜಾರದಂತೆ ಹಿಡಿದಿರುವುದು ನಾಲ್ಕು ಹಗ್ಗಗಳು. ಇವೇ ಲಿಗಮೆಂಟ್‌ಗಳು, ಕನ್ನಡದಲ್ಲಿ ಅಸ್ಥಿರಜ್ಜುಗಳು. ಒಳಬದಿಗೆ ಒಂದು, ಹೊರಬದಿಗೆ ಒಂದು. ಇನ್ನೆರಡು ಕೀಲಿನ ನಟ್ಟನಡುವೆ ಗುಣಾಕಾರದ ಗುರುತಿನಂತೆ ಒಂದನ್ನೊಂದು ಅಡ್ಡಹಾಯುತ್ತವೆ. ಇವುಗಳಲ್ಲಿ ಮುಂದಿನದನ್ನೇ ಆಟಗಾರರು ‘ಎ.ಸಿ.ಎಲ್.’ ಎನ್ನುವುದು. ಸುಮಾರು ಮೂರು ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ. ಕಣಕಾಲು ಮುಂದಕ್ಕೆ ಜಾರದಂತೆ, ತಿರುಗುವಾಗ ಮಂಡಿ ತಿರುಚಿಕೊಳ್ಳದಂತೆ ತಡೆಯುವುದು ಅದರ ಕೆಲಸ. ಎರಡು ಮೂಳೆಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಇವು ಮೆನಿಸ್ಕಸ್. ಮೈಭಾರವನ್ನು ಹಂಚಿಕೊಂಡು ಮೂಳೆಯ ತುದಿಗಳು ಸವೆಯದಂತೆ ಕಾಯುವುದು ಇವೇ.

ನೇರ ನಡೆಯುವುದಕ್ಕೆ ಮುಂದಿನ ಲಿಗಮೆಂಟಿನ ಅಗತ್ಯ ಬಹಳ ಕಡಿಮೆ. ದೇವರಾಜ ಮಾರುಕಟ್ಟೆಗೆ ಹೋಗಿ ತರಕಾರಿ ತರಬಹುದು, ಸ್ಕೂಟರ್ ಓಡಿಸಬಹುದು, ಅಭ್ಯಾಸವಿದ್ದವರು ಚಾಮುಂಡಿ ಬೆಟ್ಟವನ್ನೂ ಹತ್ತಬಹುದು. ಅದರ ಕೆಲಸ ಬೀಳುವುದು ಓಡುತ್ತಿದ್ದವನು ಗಕ್ಕನೆ ನಿಂತಾಗ, ತಿರುಗಿದಾಗ, ಹಾರಿ ನೆಲಕ್ಕೆ ಇಳಿದಾಗ. ಹೀಗಾಗಿ ಹಗ್ಗ ಹರಿದವನೂ ಮೂರು ವಾರದಲ್ಲಿ ಆರಾಮವಾಗಿ ನಡೆದಾಡುತ್ತಾನೆ. ನೋವು ಹೋಯಿತೆಂದರೆ ವಾಸಿಯಾಯಿತು ಎಂದು ಮನೆಯವರೂ ನಂಬುತ್ತಾರೆ. ಹಗ್ಗವಿಲ್ಲದ ಮಂಡಿ ಮೈದಾನದಲ್ಲಿ ಮತ್ತೆ ಜಾರಿದಾಗ ಹರಿಯುವುದು ಮೆತ್ತೆ. ಮೆತ್ತೆ ಹೋದವರಿಗೆ ನಲವತ್ತರ ವಯಸ್ಸಿನಲ್ಲಿಯೇ ಅರವತ್ತರವರ ಮಂಡಿ ಸವೆತ ಬರುವುದನ್ನು ನಾವು ಆಸ್ಪತ್ರೆಗಳಲ್ಲಿ ನೋಡುತ್ತೇವೆ.

ಇದು ಹರಿಯಲು ಯಾರೂ ಬಂದು ಗುದ್ದಬೇಕಿಲ್ಲ. ಹತ್ತರಲ್ಲಿ ಸುಮಾರು ಏಳು ಪ್ರಕರಣಗಳಲ್ಲಿ ಎದುರಾಳಿ ಮುಟ್ಟಿಯೇ ಇರುವುದಿಲ್ಲ. ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಮಂಡಿ ಸ್ವಲ್ಪವೇ ಮಡಚಿರುತ್ತದೆ, ಮೈ ಒಂದು ಕಡೆಗೆ ತಿರುಗುತ್ತದೆ, ಮಂಡಿ ಒಳಕ್ಕೆ ಕುಸಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಫುಟ್‌ಬಾಲ್, ಕಬಡ್ಡಿ, ಖೊ-ಖೊ, ಬ್ಯಾಡ್ಮಿಂಟನ್, ಬ್ಯಾಸ್ಕೆಟ್‌ಬಾಲ್, ಎಲ್ಲದರಲ್ಲೂ ಈ ಭಂಗಿ ಇದೆ. ನಮ್ಮ ಜಿಲ್ಲೆ ಖೊ-ಖೊಗೆ ಹೆಸರಾದದ್ದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ-ಖೊ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಓಡುತ್ತ ಕಂಬ ಹಿಡಿದು ಗಿರಕ್ಕನೆ ತಿರುಗುವ ಆ ಚಮತ್ಕಾರವನ್ನು ನೋಡುವಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನ್ನಂಥವನ ಕಣ್ಣು ಮಾತ್ರ ಅವರ ಮಂಡಿಯ ಮೇಲಿರುತ್ತದೆ!

ಇಲ್ಲಿ ಮೈಸೂರಿನ ಗರಡಿಗಳನ್ನು ನೆನೆಯಬೇಕು. ದಸರಾ ಬಂತೆಂದರೆ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ಕುಸ್ತಿ. ಅಲ್ಲಿ ಮಣ್ಣಿನ ಅಖಾಡವೂ ಉಂಟು, ಮ್ಯಾಟ್ ಕುಸ್ತಿಯೂ ಉಂಟು. ಹದ ಮಾಡಿದ ಮಣ್ಣು ಪಾದವನ್ನು ಸ್ವಲ್ಪ ಜಾರಲು ಬಿಡುತ್ತದೆ. ಮ್ಯಾಟಿನ ಮೇಲೆ ಬೂಟು ಹಾಕಿದ ಪಾದ ಅಷ್ಟು ಸುಲಭವಾಗಿ ಜಾರುವುದಿಲ್ಲ. ಪಾದ ಜಾರದೇ ಇದ್ದರೆ ತಿರುಚುವ ಬಲವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಒಣಗಿ ಗಟ್ಟಿಯಾದ ನೆಲದಲ್ಲಿ ಉದ್ದ ಮುಳ್ಳಿನ ಫುಟ್‌ಬಾಲ್ ಬೂಟು ಹಾಕಿಕೊಳ್ಳುವ ಹುಡುಗರೂ ಇದನ್ನು ಗಮನಿಸಬೇಕು.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ಗಾಯ ಎರಡು-ಮೂರು ಪಟ್ಟು ಹೆಚ್ಚು. ಹಾರಿ ಇಳಿಯುವಾಗ ಅವರ ಮಂಡಿ ಒಳಕ್ಕೆ ವಾಲುವುದು ಹೆಚ್ಚು. ಹುಡುಗರಿಗೆ ಸಿಗುವ ತರಬೇತಿ ಅವರಿಗೆ ಸಿಗದಿರುವುದೂ ಒಂದು ಕಾರಣ. ಇದನ್ನು ಓದಿ ಮಗಳನ್ನು ಆಟದಿಂದ ಬಿಡಿಸಬೇಡಿ. ವಾರಕ್ಕೆ ಎರಡು ಮೂರು ಸಲ ಇಪ್ಪತ್ತು ನಿಮಿಷದ ವ್ಯಾಯಾಮದಿಂದ ಈ ಅಪಾಯ ಸಾಕಷ್ಟು ತಗ್ಗುತ್ತದೆ. ಒಂಟಿ ಕಾಲಿನ ಮೇಲೆ ನಿಲ್ಲುವುದು, ಮಂಡಿ ಬಾಗಿಸಿ ಮೆತ್ತಗೆ ನೆಲಕ್ಕಿಳಿಯುವುದು, ತೊಡೆಯ ಹಿಂಬದಿಯನ್ನು ಬಲಪಡಿಸುವುದು ಇವೆಲ್ಲ ಅದರಲ್ಲಿವೆ. ಫಿಫಾ ಸಂಸ್ಥೆ ‘11+’ ಎಂಬ ಹೆಸರಿನಲ್ಲಿ ಇಂಥದೊಂದು ಕ್ರಮವನ್ನು ರೂಪಿಸಿದೆ. ಯಾವ ಉಪಕರಣವೂ ಬೇಡ. ನಿಮ್ಮ ಮಗಳ ಶಾಲೆಯ ದೈಹಿಕ ಶಿಕ್ಷಕರನ್ನು ಈ ಬಗ್ಗೆ ಕೇಳಿ ನೋಡಿ.

ಇನ್ನು ಗಾಯವಾದ ದಿನ ಏನನ್ನು ಗಮನಿಸಬೇಕು? ಮೂರು ಪ್ರಶ್ನೆ ಕೇಳಿ. ಒಳಗೆ ‘ಟಪ್’ ಎಂದ ಶಬ್ದ ಕೇಳಿಸಿತೇ, ಅಥವಾ ಹಾಗೆ ಅನಿಸಿತೇ? ಆಟ ಮುಂದುವರಿಸಲು ಆಯಿತೇ, ಇಲ್ಲವೇ? ಊತ ಎಷ್ಟು ಹೊತ್ತಿಗೆ ಬಂತು? ಈ ಮೂರನೆಯದು ಬಹಳ ಮುಖ್ಯ. ಒಂದೆರಡು ಗಂಟೆಯಲ್ಲಿ ಮಂಡಿ ತೆಂಗಿನಕಾಯಿಯಂತೆ ಊದಿಕೊಂಡರೆ ಕೀಲಿನೊಳಗೆ ರಕ್ತ ತುಂಬಿದೆ ಎಂದರ್ಥ, ಮುಂದಿನ ಲಿಗಮೆಂಟ್ ಹರಿದಿರುವ ಸಂಭವ ಬಹಳ ಹೆಚ್ಚು. ಮರುದಿನ ಬೆಳಿಗ್ಗೆ ನಿಧಾನವಾಗಿ ಊದಿದರೆ ಅದು ಬೇರೆ ಬಗೆಯ ಗಾಯವಿರಬಹುದು. ನನ್ನ ಅಕ್ಕನ ಮಗ ಮೂರಕ್ಕೂ ಉತ್ತರವನ್ನು ಫೋನಿನಲ್ಲಿಯೇ ಕೊಟ್ಟಿದ್ದ.

ಅಂದು ಮಾಡಬೇಕಾದ್ದು ಸರಳ. ಕಾಲನ್ನು ದಿಂಬಿನ ಮೇಲೆತ್ತಿ ಇಡಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು-ಇಪ್ಪತ್ತು ನಿಮಿಷ ಇಟ್ಟು ತೆಗೆಯಿರಿ, ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಡಿ. ಹದವಾಗಿ ಕ್ರೇಪ್ ಬ್ಯಾಂಡೇಜ್ ಸುತ್ತಿ. ಭಾರ ಹಾಕಲು ನೋವಾದರೆ ಊರುಗೋಲು ಬಳಸಲಿ. ಎಣ್ಣೆ ಹಚ್ಚಿ ತಿಕ್ಕಿಸುವುದು, ಬಿಸಿನೀರಿನ ಶಾಖ, ‘ಎಳೆದು ಸರಿಮಾಡುವುದು’ ಇವು ಮೂರೂ ಬೇಡ. ನಮ್ಮ ಗರಡಿಯ ಉಸ್ತಾದರ ಕೈಗುಣದ ಬಗ್ಗೆ ನನಗೆ ಗೌರವವಿದೆ. ಭುಜ, ಸೊಂಟ ಹಿಡಿದುಕೊಂಡಾಗ ಅವರ ಮಾಲೀಷಿನಿಂದ ಸುಖವಾದವರನ್ನು ಕಂಡಿದ್ದೇನೆ. ಆದರೆ ರಕ್ತ ತುಂಬಿದ ಮಂಡಿಯನ್ನು ತಿಕ್ಕಿದರೆ ರಕ್ತಸ್ರಾವ ಇನ್ನೂ ಹೆಚ್ಚುತ್ತದೆ. ಬಿದಿರಿನ ದಬ್ಬೆ ಕಟ್ಟಿ ಮೂರು ವಾರ ಮಂಡಿಯನ್ನು ಅಲುಗಿಸದೆ ಇಟ್ಟರೆ ಲಿಗಮೆಂಟ್ ಕೂಡಿಕೊಳ್ಳುವುದಿಲ್ಲ, ಮಂಡಿ ಮಾತ್ರ ಬಿಗಿದುಕೊಳ್ಳುತ್ತದೆ.

ಒಂದು ಸ್ಥಿತಿಯಲ್ಲಿ ಮಾತ್ರ ಗಂಟೆಗಳ ಲೆಕ್ಕ. ಬೈಕ್ ಅಪಘಾತದಲ್ಲಿಯೋ ಎತ್ತರದಿಂದ ಬಿದ್ದೋ ಮಂಡಿ ಪೂರ್ತಿ ಸೊಟ್ಟಗಾಗಿ, ಪಾದ ತಣ್ಣಗೆ ಬಿಳಿಚಿಕೊಂಡಿದ್ದರೆ, ಬೆರಳು ಅಲುಗಿಸಲಾಗದಿದ್ದರೆ, ಹಿಂದಿನ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಆಗ ಆರು ಗಂಟೆಯೊಳಗೆ ರಕ್ತಸಂಚಾರ ಸರಿಯಾಗದಿದ್ದರೆ ಕಾಲಿಗೇ ಅಪಾಯ. ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಅಲೆಯದೆ ನೇರ ದೊಡ್ಡಾಸ್ಪತ್ರೆಗೆ ಹೋಗಬೇಕು. ಮಂಡಿ ಸಿಕ್ಕಿಕೊಂಡು ನೇರವಾಗದಿದ್ದರೂ ತಡಮಾಡುವಂತಿಲ್ಲ.

ಪರೀಕ್ಷೆಯ ವಿಷಯಕ್ಕೆ ಬರೋಣ. “ಡಾಕ್ಟ್ರೇ, ಎಕ್ಸ್‌ರೇ ನಾರ್ಮಲ್ ಬಂದಿದೆ, ಮತ್ತೇಕೆ ಊತ?” ಎಂದು ಕೇಳುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ, ಲಿಗಮೆಂಟ್ ಅಲ್ಲ. ಮೂಳೆ ಮುರಿದಿಲ್ಲ ಎಂದು ತಿಳಿಯಲು ಅದು ಬೇಕು, ಅಷ್ಟೇ. ಈ ಗಾಯವನ್ನು ಕಂಡುಹಿಡಿಯುವುದು ಮೊದಲಿಗೆ ಕೈ. ಮಂಡಿಯನ್ನು ಇಪ್ಪತ್ತು-ಮೂವತ್ತು ಡಿಗ್ರಿ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಕಣಕಾಲನ್ನು ಮುಂದಕ್ಕೆ ಎಳೆಯುತ್ತೇವೆ. ಹಗ್ಗ ಸರಿಯಿದ್ದರೆ ಗಕ್ಕನೆ ತಡೆಯುತ್ತದೆ. ಹರಿದಿದ್ದರೆ ಕಣಕಾಲು ಮೆತ್ತಗೆ ಮುಂದೆ ಬರುತ್ತದೆ. ಇದಕ್ಕೆ ಲಾಕ್‌ಮನ್ ಪರೀಕ್ಷೆ ಎಂದು ಹೆಸರು. ಅಮೆರಿಕದ ಫಿಲಡೆಲ್ಫಿಯಾದ ಜಾನ್ ಲಾಕ್‌ಮನ್ ತಮ್ಮ ಶಿಷ್ಯರಿಗೆ ಕಲಿಸುತ್ತಿದ್ದ ಈ ವಿಧಾನವನ್ನು ಜೋಸೆಫ್ ಟಾರ್ಗ್ 1976ರಲ್ಲಿ ಬರೆದು ಪ್ರಕಟಿಸಿದರು. ಅರ್ಧ ನಿಮಿಷದ ಈ ಪರೀಕ್ಷೆಗೆ ಯಂತ್ರ ಬೇಡ. ಇನ್ನೊಂದು ಕಾಲಿಗೂ ಹಾಗೆಯೇ ಮಾಡಿ ಹೋಲಿಸಿ ನೋಡಬೇಕು, ಏಕೆಂದರೆ ಕೆಲವರ ಕೀಲುಗಳು ಹುಟ್ಟಿನಿಂದಲೇ ಸಡಿಲ.

ಆದರೆ ಗಾಯವಾದ ಮೊದಲ ದಿನಗಳಲ್ಲಿ ನೋವಿಗೆ ಸ್ನಾಯುಗಳು ಬಿಗಿಹಿಡಿದಿರುತ್ತವೆ, ಮುಟ್ಟಲು ಬಿಡುವುದಿಲ್ಲ. ಆಗ ಪರೀಕ್ಷೆ ಸರಿಯಾಗಿ ಕಾಣದು. ಹತ್ತು-ಹದಿನಾಲ್ಕು ದಿನದ ನಂತರ ಇನ್ನೊಮ್ಮೆ ನೋಡಲೇಬೇಕು. ಬಹಳಷ್ಟು ಮಂದಿ ತಪ್ಪಿಸಿಕೊಳ್ಳುವುದು ಈ ಎರಡನೆಯ ಭೇಟಿಯನ್ನು. ನೋವು ಕಡಿಮೆಯಾಗಿರುತ್ತದೆ, ಆಸ್ಪತ್ರೆಯ ಸಾಲು ನೆನಪಾಗುತ್ತದೆ, ಕೆಲಸಕ್ಕೆ ರಜೆ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ ಕೆ.ಆರ್. ಆಸ್ಪತ್ರೆಯ ಮೂಳೆ ವಿಭಾಗಕ್ಕೋ ನೀವು ನಂಬುವ ಬೇರೆ ಮೂಳೆ ವೈದ್ಯರ ಬಳಿಗೋ ಆ ಎರಡನೆಯ ಸಲ ಹೋಗಿಯೇ ಬನ್ನಿ. ಎಂ.ಆರ್.ಐ. ಆಮೇಲಿನ ಮಾತು. ಹಲವು ಸಾವಿರ ರೂಪಾಯಿಯ ಸ್ಕ್ಯಾನು, ಮೆತ್ತೆಯ ಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಮಂಡಿಯನ್ನು ಕೈಯಿಂದ ಮುಟ್ಟದೆ ಸ್ಕ್ಯಾನಿನ ವರದಿ ನೋಡಿಯೇ ಆಪರೇಷನ್ ಎನ್ನುವವರಿದ್ದರೆ ಇನ್ನೊಬ್ಬರ ಅಭಿಪ್ರಾಯವನ್ನೂ ಕೇಳಿ.

ಲಿಗಮೆಂಟ್ ಹರಿದರೆ ಆಪರೇಷನ್ನೇ ಗತಿ ಎಂಬುದೂ ತಪ್ಪು. ಒಳಬದಿಯ ಲಿಗಮೆಂಟಿಗೆ ರಕ್ತಸಂಚಾರ ಚೆನ್ನಾಗಿದೆ. ಒಂಟಿಯಾಗಿ ಹರಿದಿದ್ದರೆ ಬ್ರೇಸ್ ಹಾಕಿ, ವ್ಯಾಯಾಮ ಮಾಡಿ, ಹೆಚ್ಚಿನವರು ಕೆಲವು ವಾರಗಳಲ್ಲಿ ಗುಣವಾಗುತ್ತಾರೆ. ಸ್ಕೂಟರಿನಿಂದ ಮಂಡಿಯೂರಿ ಬಿದ್ದಾಗ ಹರಿಯುವ ಹಿಂದಿನ ಲಿಗಮೆಂಟಿಗೂ ಹಲವು ಸಲ ವ್ಯಾಯಾಮವೇ ಸಾಕು. ಮುಂದಿನದರ ಕಥೆ ಬೇರೆ. ಅದು ಕೀಲಿನ ದ್ರವದಲ್ಲಿ ಮುಳುಗಿರುತ್ತದೆ, ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಿಲ್ಲುವುದಿಲ್ಲ, ಆದ್ದರಿಂದ ತಾನಾಗಿ ಗಟ್ಟಿಯಾಗಿ ಕೂಡುವುದು ಅಪರೂಪ. ಆದರೂ ಸ್ವೀಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮೆಲ್ಲರ ಕಣ್ಣು ತೆರೆಸಿತು. ಈ ಲಿಗಮೆಂಟ್ ಹರಿದ 121 ಯುವಕ-ಯುವತಿಯರಲ್ಲಿ ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ, ಇನ್ನೊಂದು ಗುಂಪಿಗೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮಾತ್ರ ಶಸ್ತ್ರಚಿಕಿತ್ಸೆ. ಎರಡನೆಯ ಗುಂಪಿನ 59 ಮಂದಿಯಲ್ಲಿ ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆ ಬೇಕಾದದ್ದು 23 ಮಂದಿಗೆ. ಎರಡು ವರ್ಷದ ಕೊನೆಗೆ ಎರಡೂ ಗುಂಪುಗಳ ಮಂಡಿಯ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಹಾಗಾದರೆ ಯಾರಿಗೆ ಬೇಕು? ನಡೆಯುವುದು, ಅಂಗಡಿ ನೋಡಿಕೊಳ್ಳುವುದು, ಸೈಕಲ್ ತುಳಿಯುವುದು ಸಾಕು ಎನ್ನುವವರು ಮೂರು ತಿಂಗಳು ನಿಷ್ಠೆಯಿಂದ ವ್ಯಾಯಾಮ ಮಾಡಿ ನೋಡಬಹುದು. ತಿರುಗುವ, ಹಾರುವ ಆಟಕ್ಕೆ ಮರಳಬೇಕೆನ್ನುವ ಹದಿಹರೆಯದವರಿಗೆ, ವ್ಯಾಯಾಮದ ನಂತರವೂ ಮಂಡಿ ಜಾರುವವರಿಗೆ, ಹೊಲಿಯಬಹುದಾದ ಮೆತ್ತೆಯ ಹರಿತ ಇರುವವರಿಗೆ ಶಸ್ತ್ರಚಿಕಿತ್ಸೆ ಒಳ್ಳೆಯದು. ಮಂಡಿ ಸಿಕ್ಕಿಕೊಂಡಿಲ್ಲದಿದ್ದರೆ ಅದಕ್ಕೂ ಆತುರವಿಲ್ಲ. ಊತ ಇಳಿದು ಕಾಲು ಪೂರ್ತಿ ನೇರವಾಗುವವರೆಗೆ ಕಾಯುವುದು ಲೇಸು.

ಶಸ್ತ್ರಚಿಕಿತ್ಸೆಯಲ್ಲಿ ಹರಿದ ಹಗ್ಗವನ್ನು ಹೊಲಿಯುವುದಿಲ್ಲ. ನಮ್ಮದೇ ಮೈಯ ಬೇರೊಂದು ಕಡೆಯಿಂದ ಸ್ನಾಯುರಜ್ಜು ತೆಗೆದು, ದುರ್ಬೀನಿನ ಸಹಾಯದಿಂದ ಮೂಳೆಯಲ್ಲಿ ರಂಧ್ರ ಕೊರೆದು ಹೊಸ ಹಗ್ಗ ಕಟ್ಟುತ್ತಾರೆ. ಎಲ್ಲಿಂದ ತೆಗೆಯುತ್ತಾರೆ ಎಂಬುದನ್ನು ನಮ್ಮ ಓದುಗರು ಕೇಳಲೇಬೇಕು. ಮಂಡಿಚಿಪ್ಪಿನ ಕೆಳಗಿನ ರಜ್ಜು ಗಟ್ಟಿಯಾದದ್ದು, ವೃತ್ತಿಪರ ಆಟಗಾರರಿಗೆ ಹಲವರು ಅದನ್ನೇ ಬಳಸುತ್ತಾರೆ. ಆದರೆ ಅದನ್ನು ತೆಗೆದ ಮೇಲೆ ಮಂಡಿಯೂರಿದಾಗ ಚಿಪ್ಪಿನ ಮುಂದೆ ನೋವು ಉಳಿಯುವ ಸಂಭವ ಹೆಚ್ಚು. ದಿನಕ್ಕೆ ಐದು ಹೊತ್ತು ಸುಜೂದ್‌ಗೆ ಹೋಗುವವನಿಗೆ, ನೆಲದ ಮೇಲೆ ಕುಳಿತು ಉಣ್ಣುವವನಿಗೆ ಇದು ಸಣ್ಣ ಮಾತಲ್ಲ. ತೊಡೆಯ ಹಿಂಬದಿಯ ರಜ್ಜು ತೆಗೆದರೆ ಈ ತೊಂದರೆ ಕಡಿಮೆ. “ನಾನು ನಮಾಝ್ ಮಾಡುವವನು, ದಿನಾ ಮಂಡಿಯೂರುತ್ತೇನೆ” ಎಂದು ಮೊದಲೇ ವೈದ್ಯರಿಗೆ ಹೇಳಿಬಿಡಿ. ಶಸ್ತ್ರಚಿಕಿತ್ಸೆಯ ನಂತರ ಕೆಲವು ತಿಂಗಳು ಕುರ್ಚಿಯ ಮೇಲೆ ಕುಳಿತೇ ನಮಾಝ್ ಮಾಡಬೇಕಾದೀತು, ಮೆತ್ತೆಯನ್ನೂ ಹೊಲಿದಿದ್ದರೆ ಸುಮಾರು ನಾಲ್ಕು ತಿಂಗಳು ಮಂಡಿಯನ್ನು ಪೂರ್ತಿ ಮಡಚುವಂತಿಲ್ಲ. ರೋಗಿಗೆ ಆ ರಿಯಾಯಿತಿ ಇದ್ದೇ ಇದೆ. ಮಸೀದಿಯಲ್ಲಿ ಕುರ್ಚಿ ಹಾಕಿಕೊಂಡ ಯುವಕನನ್ನು ನೋಡಿ ಹುಬ್ಬೇರಿಸುವ ಹಿರಿಯರೂ ಇದನ್ನು ನೆನಪಿಡಬೇಕು.

ಎಲ್ಲಕ್ಕಿಂತ ಕಷ್ಟದ್ದು ಆಮೇಲಿನ ಕಾಲ. ಹೊಸ ಹಗ್ಗ ಮೂಳೆಗೆ ಬೇರೂರಬೇಕು, ಅದಕ್ಕೆ ಹೊಸ ರಕ್ತನಾಳ ಬರಬೇಕು. ಎರಡನೆಯ, ಮೂರನೆಯ ತಿಂಗಳ ಸುಮಾರಿಗೆ ಅದು ಹಾಕಿದ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ನಾಲ್ಕನೆಯ ತಿಂಗಳಿಗೆ ನೋವು ಪೂರ್ತಿ ಹೋಗಿರುತ್ತದೆ. ಹುಡುಗರು ಕೈತಪ್ಪುವುದು ಆಗಲೇ. 2016ರಲ್ಲಿ ಪ್ರಕಟವಾದ ನಾರ್ವೆ-ಅಮೆರಿಕದ ಅಧ್ಯಯನವೊಂದರ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ತಡಮಾಡಿದ ಪ್ರತಿ ತಿಂಗಳಿಗೂ ಮತ್ತೆ ಗಾಯವಾಗುವ ಅಪಾಯ ಸುಮಾರು ಅರ್ಧದಷ್ಟು ಇಳಿಯಿತು. ಒಂಬತ್ತು ತಿಂಗಳೆಂದರೆ ಕಾಲೇಜು ಹುಡುಗನಿಗೆ ಒಂದು ಇಡೀ ವರ್ಷದ ಪಂದ್ಯಗಳು. ಅವನ ಸಂಕಟ ನನಗೆ ಅರ್ಥವಾಗುತ್ತದೆ.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. ನಮ್ಮ ಪಕ್ಕದ ಕೊಡಗಿನ ಸೋಮವಾರಪೇಟೆಯ ಹಾಕಿ ಆಟಗಾರ ಎಸ್.ವಿ. ಸುನಿಲ್ ಮಂಡಿಯ ಗಾಯದಿಂದಾಗಿ 2018ರ ಭುವನೇಶ್ವರದ ವಿಶ್ವಕಪ್ ಕಳೆದುಕೊಂಡರು. 2022ರ ಡಿಸೆಂಬರ್ 30ರಂದು ಕಾರು ಅಪಘಾತದಲ್ಲಿ ಮಂಡಿಯ ಹಲವು ಲಿಗಮೆಂಟ್ ಹರಿದುಕೊಂಡ ರಿಷಭ್ ಪಂತ್, ಮುಂಬೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿ ಪಂದ್ಯಕ್ಕೆ ಮರಳಿದ್ದು 2024ರ ಮಾರ್ಚಿನಲ್ಲಿ. ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೋ ಒಲಿಂಪಿಕ್ಸಿನ ಅಖಾಡದಿಂದ ಸ್ಟ್ರೆಚರಿನಲ್ಲಿ ಹೊರಬಂದರು, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು, 2023ರಲ್ಲಿ ಇನ್ನೊಂದು ಮಂಡಿಗೂ ಶಸ್ತ್ರಚಿಕಿತ್ಸೆಯಾಯಿತು, ಮರುವರ್ಷ ಪ್ಯಾರಿಸಿನಲ್ಲಿ ಫೈನಲ್ ತಲುಪಿದರು. ಆ ಫೈನಲ್‌ನಿಂದ ಅವರನ್ನು ಹೊರಗಿಟ್ಟದ್ದು ತೂಕ, ಮಂಡಿಯಲ್ಲ. ಆದರೆ ಎಲ್ಲರೂ ಹೀಗೆ ಮರಳುವುದಿಲ್ಲ ಎಂಬುದನ್ನೂ ಹೇಳಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಲೆಕ್ಕಹಾಕಿದಾಗ, ಶಸ್ತ್ರಚಿಕಿತ್ಸೆಯಾದ ನೂರು ಮಂದಿಯಲ್ಲಿ 81 ಮಂದಿ ಯಾವುದಾದರೊಂದು ಆಟಕ್ಕೆ, 65 ಮಂದಿ ಹಿಂದಿನ ಮಟ್ಟಕ್ಕೆ, 55 ಮಂದಿ ಮಾತ್ರ ಸ್ಪರ್ಧೆಗೆ ಮರಳಿದ್ದರು. ಉಳಿದವರಲ್ಲಿ ಎಷ್ಟೋ ಮಂದಿಯ ಮಂಡಿ ಸರಿಯಿತ್ತು, ಮನಸ್ಸು ಹೆದರಿತ್ತು.

ಖರ್ಚಿನ ವಿಷಯದಲ್ಲಿ ಒಂದು ಸೂಚನೆ. ಶಸ್ತ್ರಚಿಕಿತ್ಸೆಗೆ ಸಾಲ ಮಾಡಿ ಹಣ ಹೊಂದಿಸುವ ಮನೆಗಳು ಫಿಸಿಯೋಥೆರಪಿಗೆ ಬಂದಾಗ ಕೈ ಹಿಡಿಯುತ್ತವೆ. “ಆಪರೇಷನ್ ಆಯಿತಲ್ಲ” ಎನ್ನುತ್ತಾರೆ. ಅರ್ಧ ಚಿಕಿತ್ಸೆ ಅಲ್ಲಿಂದಲೇ ಶುರು. ದಿನಾ ಹೋಗಲು ಆಗದಿದ್ದರೆ ವಾರಕ್ಕೊಮ್ಮೆ ಹೋಗಿ ಕಲಿತು, ಉಳಿದ ದಿನ ಮನೆಯ ಚಾಪೆಯ ಮೇಲೆ ಮಾಡಬಹುದು. ಬೇಕಾದ್ದು ಯಂತ್ರವಲ್ಲ, ತಪ್ಪದೆ ಮಾಡಿಸುವ ಒಬ್ಬರು.

ನಮ್ಮ ಮನೆಯಲ್ಲಿ ಆ ಒಬ್ಬರು ಅಕ್ಕ. ಜನವರಿಯಲ್ಲಿ ಹುಡುಗನಿಗೆ ಶಸ್ತ್ರಚಿಕಿತ್ಸೆಯಾಯಿತು, ಮೆತ್ತೆಯನ್ನು ಹೊಲಿಯಲು ಸಾಧ್ಯವಾಯಿತು. ಫಜರ್ ನಂತರ ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕೈಯಲ್ಲಿ ತಸ್ಬೀಹ್ ಹಿಡಿದು ಅವಳೇ ವ್ಯಾಯಾಮದ ಎಣಿಕೆ ಇಡುತ್ತಾಳೆ. ಕಳೆದ ವಾರ ಒಂಟಿ ಕಾಲಿನ ಜಿಗಿತದ ಪರೀಕ್ಷೆ ಮಾಡಿಸಿದೆ. ಗಾಯದ ಕಾಲು ಒಳ್ಳೆಯ ಕಾಲಿನ ನೂರಕ್ಕೆ 82ರಷ್ಟು ದೂರ ಜಿಗಿಯಿತು. ತೊಂಬತ್ತು ದಾಟಬೇಕು.

“ಆಗಸ್ಟಿನಲ್ಲಿ ಒಂದು ಟೂರ್ನಮೆಂಟ್ ಇದೆ ಮಾಮೂ. ಬರೀ ಇಪ್ಪತ್ತು ನಿಮಿಷ ಆಡ್ತೀನಿ” ಎಂದ.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಕ್ಕನ ದನಿ ಬಂತು: “ನಿಮ್ಮ ಮಾಮೂ ಹೂಂ ಅಂದ್ರೂ ಇಲ್ಲ. ಒಂದ್ಸಲ ಅವನ ಮಾತು ಕೇಳಿದ್ದಾಯ್ತು.” ಬೂಟುಗಳು ಅಲ್ಮೇರಾದ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ ಇವೆ. ಅಕ್ಟೋಬರಿನಲ್ಲಿ ಮತ್ತೊಮ್ಮೆ ಜಿಗಿಸಿ ಅಳೆಯುತ್ತೇನೆ.